ಇವತ್ತಿಂದು ನಡಸು

ನಮ್ಮ ಮನೆ ನಡೆಯುವುದು ಬೇರೆಯವರ ಮಕ್ಕಳ ಹಸಿವಿನಿಂದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬಂದ ಹುಡುಗರು ಸಪ್ತಾಪುರದ ಸುತ್ತಮುತ್ತ ರೂಮು ಹಿಡಿದು, ಖಾನಾವಳಿಯಲ್ಲಿ ಉಣ್ಣುತ್ತಾರೆ. ಆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ನನ್ನ ಮತ್ತು ನಮ್ಮ ಅತ್ತೆಯವರ ಕಾಯಕ. ನಸುಕಿನಲ್ಲೇ ಎದ್ದು ಎಸರಿಡಬೇಕು. ಕುದಿನೀರಿಗೆ ಹಿಟ್ಟು ಹಾಕಿ, ಬಿಸಿ ಆರುವ ಮೊದಲೇ ಅಂಗೈಯಿಂದ ಒತ್ತಿ ನಾದಬೇಕು. ನಾದಿದ್ದು ಸಾಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು. ಮೊದಲ ರೊಟ್ಟಿ ಹಂಚಿಗೆ ಬೀಳುವಾಗ ಅತ್ತೆ ಒಂದೇ ಮಾತು ಅನ್ನುತ್ತಾರೆ: “ಶಿವನೇ, ಇವತ್ತಿಂದು ನಡಸು.” ನಾಳೆಯ ಮಾತನ್ನು ಅವರು ದೇವರ ಮುಂದೆ ಎತ್ತಿದ್ದನ್ನು ನಾನು ಕೇಳಿಲ್ಲ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಹುಡುಗರು ಊರು ಸೇರಿದರು, ಖಾನಾವಳಿಗಳು ಬಾಗಿಲು ಹಾಕಿದವು, ಬರಬೇಕಿದ್ದ ಬಾಕಿಯೂ ನಿಂತಿತು. ಗೂಡ್ಸ್ ಆಟೊ ಓಡಿಸುವ ನಮ್ಮ ಮನೆಯವರಿಗೂ ಬಾಡಿಗೆ ಇಲ್ಲ. ಪರಿಚಯದ ಜೋಳದ ವ್ಯಾಪಾರಿಯೊಬ್ಬರು ಫೋನ್ ಮಾಡಿ, ದರ ಏರುವ ಹಾಗಿದೆ, ಎರಡು ಚೀಲ ಉದ್ರಿ ಕೊಡುತ್ತೇನೆ, ಒಯ್ದು ಇಟ್ಟುಕೊಳ್ಳಿ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಒಂದೇ ಸಾಕು ಎಂದುಬಿಟ್ಟರು. “ಎರಡೂ ನಾವ ತಂದ್ರ ಇನ್ನೊಂದು ಮನಿಗೆ ಏನ ಉಳೀತದ ಯವ್ವಾ?”

ಆಮೇಲೆ ಅವರು ನೆನಪಿಸಿದ್ದು ಆಯ್ದಕ್ಕಿ ಲಕ್ಕಮ್ಮನನ್ನು. 12ನೇ ಶತಮಾನದ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ. ಅದರಲ್ಲೇ ಹೊಟ್ಟೆ, ಅದರಲ್ಲೇ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಶಾಲೆಯಲ್ಲಿ ಓದಿದಾಗ ಇದು ನನಗೆ ಬರೀ ದುರಾಸೆ ಬೇಡ ಎನ್ನುವ ನೀತಿಕತೆ. ಮನೆಯಲ್ಲಿ ಕಾಳು ಕಡಿಮೆಯಾದ ಹೊತ್ತಿನಲ್ಲಿ ಕೇಳಿದಾಗ ಬೇರೆಯೇ ಆಗಿ ಕಂಡಿತು. ಕೂಡಿಟ್ಟದ್ದು ಏನೂ ಇಲ್ಲದ ಹೆಣ್ಣುಮಗಳು ಮನೆಗೆ ಬಂದ ಅಕ್ಕಿಯನ್ನು ಮರಳಿಸಬೇಕಾದರೆ, ಇವತ್ತು ಕೊಟ್ಟವನು ನಾಳೆಯೂ ಇರುತ್ತಾನೆ ಎಂಬುದು ಅವಳಿಗೆ ಎಷ್ಟು ಖಾತ್ರಿಯಾಗಿರಬೇಕು!

ಒಂದೇ ಚೀಲ ಬಂತು. ನಮ್ಮ ಓಣಿಯ ಹಿಂದೆ ಕಟ್ಟಡದ ಕೆಲಸ ನಿಂತು, ಊರಿಗೂ ಹೋಗಲಾಗದೆ ಉಳಿದ ಗೌಂಡಿಗಳ ಕುಟುಂಬಗಳಿದ್ದವು. ನಮಗೆ ಬಡಿಯುವಾಗ ಅವರಿಗೂ ಬಡಿಯೋಣ ಎಂದರು ಅತ್ತೆ. ನನಗೆ ದಿಗಿಲು, ಆದರೂ ಕೂತೆ. ಓಣಿಯಲ್ಲಿ ಸುದ್ದಿ ಹಬ್ಬಿತು. ಒಬ್ಬರು ತಮ್ಮ ಹೊಲದ ಜೋಳ ಕಳಿಸಿದರು, ಇನ್ನೊಬ್ಬರು ಶೇಂಗಾ ಚಟ್ನಿ ಕುಟ್ಟಿ ತಂದರು. ಮುಂದೆ ಕೇಂದ್ರದ ಯೋಜನೆಯಲ್ಲಿ ತಲೆಗೆ 5 ಕಿಲೋ ಅಕ್ಕಿ ಪುಕ್ಕಟೆ ಸಿಕ್ಕಿತು. ನ್ಯಾಯಬೆಲೆ ಅಂಗಡಿಯ ಅಕ್ಕಿ ನಮ್ಮ ಹಕ್ಕು, ರೈತ ಬೆಳೆದದ್ದು, ಇದನ್ನು ದೇವರು ಕೊಟ್ಟದ್ದು ಅನ್ನಬೇಕೇ ಎಂದು ಮಗ ಕೇಳಿದ. ಹಕ್ಕು ಹೌದು, ಅದನ್ನು ಕೇಳಿಯೇ ಪಡೆಯಬೇಕು. ರೈತನ ಕೈಯಲ್ಲಿ ದೇವರನ್ನು ಕಂಡರೆ ಆ ಕೈಯ ಬೆಲೆ ಕಡಿಮೆಯಾಗದು, ಅದಕ್ಕೆ ಕೈಮುಗಿಯಬೇಕು ಅನಿಸುತ್ತದೆ, ಅಷ್ಟೇ.

ಓಣಿಯ ನಿವೃತ್ತ ಮಾಸ್ತರರು ಒಂದು ಲಕೋಟೆಯಲ್ಲಿ ಹಣ ತಂದಾಗ ನಾನು ಬೇಡವೆಂದು ಹಿಂದೆ ಸರಿದೆ. ಕೊಟ್ಟು ರೂಢಿಯಾದ ಕೈಗೆ ಇಸಿದುಕೊಳ್ಳುವುದು ಕಷ್ಟ. ಅತ್ತೆ ಮುಂದೆ ಬಂದು ಲಕೋಟೆ ತಗೊಂಡು ಕಣ್ಣಿಗೊತ್ತಿಕೊಂಡರು. ಮಾಸ್ತರರು ಹೋದ ಮೇಲೆ ನನ್ನತ್ತ ತಿರುಗಿದರು: “ದೇವರು ಕೊಡಲಿ ಅಂತ ಬೇಡತಿ, ಕೊಡಾಕ ಬಂದ್ರ ಬಾಗಲಾ ಹಾಕತಿ?”

ನನ್ನನ್ನು ಇವತ್ತಿಗೂ ಕಾಡುವುದು ಒಂದಿದೆ. ಅದೇ ಬೇಸಿಗೆಯಲ್ಲಿ ಎಳೆಯ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಹಸಿದು ನಡೆದವರಿದ್ದರು. ಅವರ ಭಕ್ತಿ ನನಗಿಂತ ಕಡಿಮೆಯಿತ್ತೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ನಂಬಿದವರಿಗೆ ಊಟ, ನಂಬದವರಿಗೆ ಉಪವಾಸ ಎಂಬ ಲೆಕ್ಕ ದೇವರದಲ್ಲ. ಅವರ ಪಾಲಿನದು ಎಲ್ಲೋ ಯಾರದೋ ಕೋಣೆಯಲ್ಲಿ ಎರಡನೇ ಚೀಲವಾಗಿ ಕೂತಿತ್ತು ಎಂದೇ ನನಗನಿಸುತ್ತದೆ. ಹಾಗಾಗಿ ಭರವಸೆಯೆಂದರೆ ಕೈಕಟ್ಟಿ ಕಾಯುವುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಫೀಸಿಗೆಂದು ಸ್ವಸಹಾಯ ಸಂಘದಲ್ಲಿ ಉಳಿತಾಯ ಕಟ್ಟುತ್ತೇನೆ. ತಿಳಿದ ಖರ್ಚಿಗೆ ತಯಾರಾಗುವುದು ಅಪನಂಬಿಕೆಯಲ್ಲ. ಹೆದರಿಕೆಯಿಂದ ಪೇರಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ನವೆಂಬರ್‌ನಲ್ಲಿ ಕಾಲೇಜುಗಳು ತೆರೆದವು, ಖಾನಾವಳಿಯವರ ಬಾಕಿಯೂ ಅಷ್ಟಷ್ಟೇ ಬಂತು. ವ್ಯಾಪಾರಿಯ ಉದ್ರಿ ತೀರಿಸಿದೆವು. ಈಗ ದಿನದ ಎಣಿಕೆಗಿಂತ ಒಂದು ಮುದ್ದೆ ಹಿಟ್ಟು ಹೆಚ್ಚಿಗೆ ನಾದುತ್ತೇವೆ; ತಿಂಗಳ ಕೊನೆಗೆ ಮನೆಯಿಂದ ದುಡ್ಡು ಬಾರದೆ ಖಾನಾವಳಿ ತಪ್ಪಿಸುವ ಹುಡುಗರು ಯಾರೆಂದು ಅತ್ತೆಗೆ ಚೆನ್ನಾಗಿ ಗೊತ್ತು.