ಸ್ಕೋರ್ ಬರೆದರೆ ಆಟ ಬರೆದಂತಾಯ್ತಾ?

ಹವ್ಯಾಸಕ್ಕೆ ಅಂತ ಆಟದ ಬಗ್ಗೆ ಬರೆಯೋಕೆ ಶುರು ಮಾಡಿದಾಗ ನಮ್ಮ ಮೊದಲ ವರದಿ ತಿಪಟೂರು ಕಡೆಯ ಒಂದು ಕಬಡ್ಡಿ ಪಂದ್ಯದ್ದು. ತೆಂಗಿನ ತೋಟದ ಪಕ್ಕದಲ್ಲೇ ಅಂಕಣ. ಗೆದ್ದ ತಂಡ, ಅಂಕ, ಹೆಚ್ಚು ರೈಡ್ ಪಾಯಿಂಟ್ ತಂದವನ ಹೆಸರು, ಎಲ್ಲಾ ಬರೆದೆವು. ಓದಿದ ತುರುವೇಕೆರೆಯ ಗೆಳೆಯ ಕೇಳಿದ: "ಕೊನೇ ರೈಡಲ್ಲಿ ಕಾಲು ಹಿಡಿದವನು ಎಲ್ರೋ?" ಗೆದ್ದದ್ದು ಒಂದೇ ಅಂಕದಿಂದ. ಆ ಅಂಕ ಆ ಹಿಡಿತದ್ದು. ಹಿಡಿದವನ ಹೆಸರೇ ನಮ್ಮ ವರದಿಯಲ್ಲಿ ಇರಲಿಲ್ಲ.

ಆಮೇಲೆ ಹಳೇ ಪಂದ್ಯಗಳ ಸ್ಕೋರ್ ನೋಡೋಕೆ ಕೂತೆವು. 1975ರ ಜನವರಿ, ಮದ್ರಾಸ್ ಟೆಸ್ಟ್. ವೆಸ್ಟ್ ಇಂಡೀಸ್ ಎದುರು ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಔಟಾಗದೆ 97. ಇಷ್ಟೇ ನೋಡಿದರೆ 'ಅಯ್ಯೋ, ಶತಕ ತಪ್ಪಿತು' ಅಂತೀವಿ. ಪಕ್ಕದಲ್ಲಿ ತಂಡದ ಮೊತ್ತ ಇಟ್ಟು ನೋಡಿ: 190. ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ಇನಿಂಗ್ಸ್ ಅದು. ಅರ್ಧಕ್ಕಿಂತ ಹೆಚ್ಚು ರನ್ ಒಬ್ಬರದ್ದೇ. ಭಾರತ 100 ರನ್‌ಗಳಿಂದ ಗೆದ್ದಿತು.

ಕ್ವಿಂಟಲ್‌ಗೋ ಕೆಜಿಗೋ ಹೇಳದೆ ಕೊಬ್ಬರಿ ದರ ಹೇಳಿದರೆ ತಿಪಟೂರಲ್ಲಿ ಯಾರು ಕೇಳ್ತಾರೆ? ಸಂದರ್ಭ ಇಲ್ಲದ ಸ್ಕೋರೂ ಹಾಗೇ. ಈಗ ನಾವು ಬರೆಯೋ ಮುಂಚೆ ಎರಡೂ ತಂಡದವರನ್ನು ಒಂದೇ ಪ್ರಶ್ನೆ ಕೇಳ್ತೀವಿ: "ಪಂದ್ಯ ತಿರುಗಿದ್ದು ಎಲ್ಲಿ?" ನೀವೂ ಕೇಳಿ ನೋಡಿ. ಬಿಟ್ಟುಹೋದ ಹೆಸರು ಅಲ್ಲೇ ಸಿಗುತ್ತೆ.