ವಸ್ತಿ ಬಸ್ಸು

ದೂರದ ದೇಶಕ್ಕೆ ಹಾರಿದ ವಿಮಾನದ ಸಿಬ್ಬಂದಿ ಮರುಪ್ರಯಾಣಕ್ಕೆ ಮುನ್ನ ಅಲ್ಲಿಯೇ ತಂಗುತ್ತಾರೆ. ಅವರಿಗಾಗಿ ಹೋಟೆಲಿನ ಕೋಣೆ ಕಾದಿರುತ್ತದೆ. ಇಷ್ಟು ಹೊತ್ತು ವಿಶ್ರಮಿಸಲೇಬೇಕೆಂಬ ಕಟ್ಟುನಿಟ್ಟಾದ ನಿಯಮವೂ ಉಂಟು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿಯೂ ಹೀಗೆ ಕೆಲಸದ ನಡುವೆ ಪರಸ್ಥಳದಲ್ಲಿ ಇರುಳು ಕಳೆಯುವವರಿದ್ದಾರೆ. ಕೊನೆಯ ಬಸ್ಸನ್ನು ಊರಿಗೆ ತಂದು, ಮುಂಜಾನೆ ಅದನ್ನೇ ಹೊರಡಿಸುವ ಚಾಲಕ, ನಿರ್ವಾಹಕರೇ ಅವರು. ಅವರು ತರುವ ಬಸ್ಸನ್ನು ಜನರು ವಸ್ತಿ ಬಸ್ಸು ಎಂದು ಕರೆಯುತ್ತಾರೆ.

ಈ ಸೀಮೆಗೆ ಸರ್ಕಾರಿ ಬಸ್ಸು ಹೊಸದಲ್ಲ. ರಾಯಚೂರು ಹೈದರಾಬಾದು ಸಂಸ್ಥಾನದಲ್ಲಿದ್ದಾಗ, 1932ರಲ್ಲಿ, ನಿಜಾಮರ ಸರ್ಕಾರವು 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಈ ಭಾಗಕ್ಕೆ ಪ್ರತ್ಯೇಕ ನಿಗಮವಾಯಿತು. ಅದೇ ಈಗಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.

ಬಸ್ಸು ಹಳ್ಳಿಯಲ್ಲೇ ಏಕೆ ತಂಗಬೇಕು? ಶಾಲೆ, ಸಂತೆ, ಆಸ್ಪತ್ರೆಗಳಿಗೆ ಹೋಗುವವರು ಬೆಳಗಿನಲ್ಲೇ ಪಟ್ಟಣ ಸೇರಬೇಕು. ಡಿಪೋದಿಂದ ನಸುಕಿನಲ್ಲಿ ಬರಿದಾದ ಬಸ್ಸು ಬರುವುದೆಂದರೆ ಇಂಧನವೂ ವ್ಯರ್ಥ, ಕಾಲವೂ ವ್ಯರ್ಥ.

ಗುಡಿಯ ಮುಂದೆ ಬಸ್ಸು ನಿಂತಿತೆಂದರೆ ಕಟ್ಟೆಗೆ ಕಳೆ ಬರುತ್ತದೆ. ನಿರ್ವಾಹಕನು ಹಣ ಎಣಿಸಿ ಚೀಲ ಕಟ್ಟುತ್ತಾನೆ. ಆ ಚೀಲವೇ ಇರುಳಿಗೆ ಅವನ ತಲೆದಿಂಬು. ಯಾವುದೋ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬರುತ್ತವೆ. ಎಡದಂಡೆ ಕಾಲುವೆಗೆ ನೀರು ಬಿಟ್ಟರೇ, ರಾಯಚೂರಿನಲ್ಲಿ ಹತ್ತಿಯ ಧಾರಣೆ ಏನು ಎಂದು ಜನ ವಿಚಾರಿಸುತ್ತಾರೆ. ಅಲಾಯಿ ಹಬ್ಬದಲ್ಲಿ ಚೊಂಗೆಯ ಪಾಲು ಇವರಿಗೂ ಸಲ್ಲುತ್ತದೆ. ನಾಲ್ಕಾರು ತಿಂಗಳಲ್ಲಿ ಇವರು ಊರಿನ ಮಕ್ಕಳಿಗೆ ‘ಅಣ್ಣ’ ಆಗಿಬಿಡುತ್ತಾರೆ. ತಮ್ಮ ಮಕ್ಕಳು ಮಾತ್ರ ಅದೇ ಹೊತ್ತಿಗೆ ಬೇರೊಂದು ಊರಿನಲ್ಲಿ, ತಂದೆಯಿಲ್ಲದೆ ಉಂಡು ಮಲಗಿರುತ್ತಾರೆ.

ಆದರೆ ಈ ಆದರಕ್ಕೂ ಮಿತಿ ಬೇಕು. ಕಟ್ಟೆಯ ಹರಟೆ ನಡುರಾತ್ರಿಗೆ ಮುಟ್ಟಿದರೆ ಮರುದಿನ ಚಕ್ರ ಹಿಡಿಯುವವನ ಕಣ್ಣು ಎಳೆಯುತ್ತದೆ. ಐವತ್ತು ಜೀವಗಳು ಆ ಕಣ್ಣನ್ನು ನಂಬಿರುತ್ತವೆ. ಸಿಬ್ಬಂದಿ ರಾತ್ರಿ ತಂಗುವೆಡೆ ವಿಶ್ರಾಂತಿಗೃಹವನ್ನೋ ತಕ್ಕ ಬದಲಿ ವಸತಿಯನ್ನೋ ಒದಗಿಸಬೇಕೆಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ವಿಧಿಸಿತ್ತು. ಹಾಗಿದ್ದರೂ ಬಸ್ಸಿನ ಆಸನವನ್ನೇ ಹಾಸಿಗೆ ಮಾಡಿಕೊಂಡವರು ಬಹುಮಂದಿ. ಬೇಸಿಗೆಯ ಸೆಕೆಯಲ್ಲಿ, ಸೊಳ್ಳೆಗಳ ನಡುವೆ, ಅಂಥ ನಿದ್ರೆ ಎಷ್ಟು ಗಾಢವಾದೀತು!

ಇನ್ನೊಂದು ಸಂಕಟವೂ ಇತ್ತು. 2008ರಲ್ಲಿ 108ರ ಆಂಬುಲೆನ್ಸ್ ಬರುವ ಮೊದಲು ಎಷ್ಟೋ ಹಳ್ಳಿಗಳಲ್ಲಿ ರಾತ್ರಿಯ ಹೊತ್ತು ಇದ್ದ ಏಕೈಕ ವಾಹನ ಈ ಬಸ್ಸು. ಹೆರಿಗೆನೋವಿನ ಹೆಣ್ಣುಮಗಳ ಬಂಧುಗಳು ಬಂದು ಕಿಟಕಿ ತಟ್ಟಿದರೆ ಚಾಲಕನು ಏನು ಮಾಡಬೇಕು? ವೇಳಾಪಟ್ಟಿಯನ್ನು ಮೀರಿ ಬಸ್ಸನ್ನು ಚಾಲೂ ಮಾಡಲು ಅವನಿಗೆ ಅಪ್ಪಣೆಯಿಲ್ಲ. ದಾರಿಯಲ್ಲಿ ಕೆಟ್ಟು ನಿಂತರೆ ಉತ್ತರ ಕೊಡಬೇಕಾದವನೂ ಅವನೇ. ರೊಟ್ಟಿ ಕೊಟ್ಟ ಕೈಗಳೇ ಕಿಟಕಿ ತಟ್ಟುತ್ತಿರುವಾಗ, ಅವನು ಕತ್ತಲಲ್ಲಿ ಕೀಲಿಕೈಯನ್ನು ತಡಕುತ್ತಿದ್ದನು.