‘ಕಪ್ಪಗಿದ್ದರೂ’ ಎಂಬ ಮಾತು ಮತ್ತು ಒಂದು ಟ್ಯೂಬ್ ಮುಲಾಮು

ತನ್ನ ಮೈಬಣ್ಣ, ಎತ್ತರ, ತೂಕ, ಮುಖಲಕ್ಷಣಗಳ ಬಗ್ಗೆ ವ್ಯಕ್ತಿಯು ಮನಸ್ಸಿನೊಳಗೆ ಕಟ್ಟಿಕೊಳ್ಳುವ ಚಿತ್ರವನ್ನು ದೇಹಬಿಂಬ ಎನ್ನುತ್ತಾರೆ. ಈ ಚಿತ್ರಕ್ಕೆ ಕನ್ನಡಿಗಿಂತ ಹೆಚ್ಚಾಗಿ ಸುತ್ತಲಿನವರ ಮಾತೇ ಬಣ್ಣ ತುಂಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಗುರುತಿಸುವ 10ರಿಂದ 19 ವರ್ಷದ ಅವಧಿಯಲ್ಲಿ, ದೇಹವು ಕಣ್ಣೆದುರೇ ಬದಲಾಗುತ್ತಿರುವಾಗ, ಆ ಮಾತುಗಳು ಇನ್ನಷ್ಟು ಆಳಕ್ಕಿಳಿಯುತ್ತವೆ. ಮೆಚ್ಚುಗೆಯೆಂದೇ ಆಡುವ ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನು ಕೇಳದೆ ಬೆಳೆದ ಕಪ್ಪು ಬಣ್ಣದ ಹುಡುಗಿಯರು ಕನ್ನಡದ ಮನೆಗಳಲ್ಲಿ ವಿರಳ. ಆ ಮಾತಿನ ಮುಳ್ಳು ‘ಇದ್ದರೂ’ ಎಂಬುದರ ಕೊನೆಯ ಊಕಾರದಲ್ಲಿದೆ. ಬಣ್ಣವನ್ನು ಕೊರತೆಯೆಂದು ಮೊದಲೇ ತೀರ್ಮಾನಿಸಿ, ಲಕ್ಷಣವನ್ನು ಆ ಕೊರತೆಗೆ ಸಿಕ್ಕ ಪರಿಹಾರವೆಂದು ಎಣಿಸುವುದು ಆ ಒಂದು ಸ್ವರವೇ.

ಈ ತೀರ್ಮಾನಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳ ಸಂಖ್ಯೆ ಕಪ್ಪು ಚರ್ಮದಲ್ಲೂ ಬಿಳಿ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಅವು ಎಷ್ಟು ಮೆಲನಿನ್ ತಯಾರಿಸಿ ಹೇಗೆ ಹಂಚುತ್ತವೆ ಎಂಬುದರಲ್ಲಷ್ಟೇ ವ್ಯತ್ಯಾಸವಿದೆ. ಹೆಚ್ಚು ಮೆಲನಿನ್ ಇರುವ ಚರ್ಮಕ್ಕೆ ಸೂರ್ಯನ ನೇರಳಾತೀತ ಕಿರಣಗಳಿಂದ ಹೆಚ್ಚು ರಕ್ಷಣೆಯೂ ಇದೆ. ಆದರೂ ಬಣ್ಣ ತಿಳಿಯಾಗಿಸುವ ಭರವಸೆಯೊಡನೆ 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಪದ ಟ್ಯೂಬಿನಿಂದ ಹೋಯಿತು, ಮನೆಮಾತಿನಿಂದ ಹೋಗಲಿಲ್ಲ.

ಹೋಗದೆ ಉಳಿದ ಆ ಮಾತು ಏನು ಮಾಡಬಲ್ಲದು ಎಂಬುದನ್ನು ಇಲ್ಲಿ ಒಂದು ಮನೆಯ ಅನುಭವದಿಂದ ನಿರೂಪಿಸಲಾಗಿದೆ; ಮುಂದೆ ‘ತಾಯಿ’ ಎಂದು ಕರೆದಿರುವುದು ಈ ಬರಹದ ಲೇಖಕಿಯನ್ನೇ. ತಾಯಿಯ ತವರಿನಲ್ಲಿ ಮದುವೆ ಗೊತ್ತಾಗಿದ್ದ ಸಮಯದಲ್ಲಿ, ಹತ್ತನೆಯ ತರಗತಿಯಲ್ಲಿದ್ದ ಮಗಳಿಗೆಂದು ಸೋದರತ್ತೆ ತಾವು ಹಚ್ಚಿಕೊಳ್ಳುತ್ತಿದ್ದ ಮುಲಾಮನ್ನೇ ತಂದುಕೊಟ್ಟರು. ಎರಡು ವಾರದಲ್ಲಿ ಹುಡುಗಿಯ ಮುಖ ತಿಳಿಯಾಯಿತು. ‘ಗುಣ ಮುಖ್ಯ, ಬಣ್ಣವಲ್ಲ’ ಎಂದು ಮಗಳಿಗೆ ಬುದ್ಧಿ ಹೇಳುತ್ತಿದ್ದ ತಾಯಿಯೇ ಪ್ರತಿ ರಾತ್ರಿ ತನ್ನ ಕೈಯಾರೆ ಅದನ್ನು ಹಚ್ಚತೊಡಗಿದಳು. ಆ ಟ್ಯೂಬಿನಲ್ಲಿದ್ದುದು ಮೊಮೆಟಾಸೋನ್ ಎಂಬ ಸ್ಟೆರಾಯ್ಡ್, ಮೆಲನಿನ್ ತಯಾರಿಕೆಯನ್ನು ತಡೆಯುವ ಹೈಡ್ರೋಕ್ವಿನೋನ್ ಮತ್ತು ಚರ್ಮದ ಮೇಲ್ಪದರವು ಬೇಗ ಉದುರಿ ಹೊಸದಾಗುವಂತೆ ಮಾಡುವ ಟ್ರೆಟಿನಾಯಿನ್. ಅಂದರೆ ಬಂಗು ಎಂಬ ಕಂದು ಕಲೆಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಔಷಧ. ಅದರ ಮೇಲಿನ ಅಕ್ಷರಗಳನ್ನು ಮನೆಯಲ್ಲಿ ಯಾರೂ ಓದಲಿಲ್ಲ.

ಎರಡೂವರೆ ತಿಂಗಳು ಬಳಸಿದ ಮುಲಾಮು ಮದುವೆಗೆ ಮೂರು ದಿನವಿರುವಾಗ ಮುಗಿಯಿತು. ಧಾರೆಯ ದಿನ ಬೆಳಗಿನ ಜಾವ ಕಲ್ಯಾಣ ಮಂಟಪದ ಕೋಣೆಯಲ್ಲಿ ಎದ್ದ ಹುಡುಗಿಯ ಕೆನ್ನೆ, ಗಲ್ಲ, ಹಣೆಗಳು ಕೆಂಡದಂತೆ ಕೆಂಪಾಗಿ ಊದಿಕೊಂಡಿದ್ದವು. ತಣ್ಣೀರಿನ ಬಟ್ಟೆ ಇಟ್ಟರೂ ಉರಿ ಎನ್ನುತ್ತಿದ್ದಳು, ಮೊಸರು ಹಚ್ಚಿದರೆ ಕಿರುಚಿದಳು. ಹೊರಗೆ ವಾಲಗ ಆರಂಭವಾಗಿತ್ತು, ಬಾಗಿಲು ತಟ್ಟುತ್ತಿದ್ದವರು ಒಬ್ಬರಲ್ಲ ಇಬ್ಬರಲ್ಲ, ಆರತಿ ತಟ್ಟೆ ಹಿಡಿಯಬೇಕಾಗಿದ್ದವಳು ಇದೇ ಹುಡುಗಿ. ಆ ಗಳಿಗೆಯಲ್ಲಿ ತಾಯಿಯ ಮನಸ್ಸಿಗೆ ಬಂದ ಮೊದಲ ಚಿಂತೆ ಮಗಳ ನೋವಿನದಲ್ಲ, ಫೋಟೊದ್ದು. ಚಿಲಕ ಹಾಕಿ, ಬೇಡ ಬೇಡವೆನ್ನುತ್ತಿದ್ದ ಮಗಳ ಮುಖಕ್ಕೆ ಪೌಡರ್ ಒತ್ತಿದಾಗ, ಹುಡುಗಿ ಕನ್ನಡಿಗೆ ಬೆನ್ನು ಮಾಡಿ ಕುಳಿತು, ‘ಅಮ್ಮಾ, ನಿಂಗೆ ಯಾವ ಬಣ್ಣ ಆದ್ರೆ ಸಾಕಾಗ್ತಿತ್ತು?’ ಎಂದು ಕೇಳಿದಳು. ಆ ಪ್ರಶ್ನೆಗೆ ತಾಯಿಯ ಬಳಿ ಅಂದು ಉತ್ತರವಿರಲಿಲ್ಲ. ಉತ್ತರದ ಬದಲು ಅವಳು ಮಾಡಿದ್ದು, ಮಂಟಪದ ಎದುರಿನ ಮೆಡಿಕಲ್ ಶಾಪಿಗೆ ಓಡಿ ಅದೇ ಮುಲಾಮನ್ನು ಕೊಂಡು ತಂದದ್ದು. ಅಂಗಡಿಯಾತ ವೈದ್ಯರ ಚೀಟಿ ಕೇಳಲಿಲ್ಲ, ಯಾರಿಗೆ, ಏಕೆ ಎಂದೂ ಕೇಳಲಿಲ್ಲ. ‘ಎರಡು ತಗೊಳ್ಳಿ, ಎಲ್ರೂ ಒಯ್ತಾರೆ’ ಎಂದ. ಸ್ಟೆರಾಯ್ಡ್ ಇರುವ 14 ಬಗೆಯ ಚರ್ಮದ ಮುಲಾಮುಗಳನ್ನು ಕೇಂದ್ರ ಸರ್ಕಾರವು 2018ರಲ್ಲಿಯೇ ಶೆಡ್ಯೂಲ್ ಎಚ್‌ಗೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ, ಸ್ಪಷ್ಟವಾಗಿ ಸೇರಿಸಿದ್ದರೂ ಅಂಗಡಿಯ ಕಟ್ಟೆಯ ಮೇಲೆ ಆ ಕಾನೂನು ಇರಲಿಲ್ಲ.

ಸಂಜೆಯ ಆರತಕ್ಷತೆಯ ಹೊತ್ತಿಗೆ ಕೆಂಪು ಇಳಿಯಿತು, ಬಂಧುಗಳು ಹುಡುಗಿಯ ಬಣ್ಣವನ್ನು ಹೊಗಳಿದರು, ತಾಯಿ ಮುಲಾಮಿನ ಮಹಿಮೆಯನ್ನು ನಂಬಿದಳು. ಹಚ್ಚಿದರೆ ಶಮನ, ಬಿಟ್ಟರೆ ಉರಿ ಎಂಬ ಈ ಸ್ಥಿತಿಯೇ ಚರ್ಮವು ಸ್ಟೆರಾಯ್ಡಿಗೆ ದಾಸನಾಗಿರುವುದರ ಲಕ್ಷಣವೆಂದು ತಿಳಿಯಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳ ಜಾಲ ಕಾಣಿಸಿತು, ಮೊಡವೆಗಳು ಎದ್ದವು, ಕೂದಲು ಬೆಳೆಯಿತು, ಬಿಸಿಲಿಗೆ ನಿಲ್ಲಲಾಗದೆ ಹುಡುಗಿ ಶಾಲೆಯ ಆಟದ ಬಯಲನ್ನೇ ಬಿಟ್ಟಳು. ಭಾರತದ ಚರ್ಮವೈದ್ಯರು ‘ಸ್ಟೆರಾಯ್ಡ್‌ನಿಂದ ಹಾನಿಗೊಂಡ ಮುಖ’ ಎಂದು ಪ್ರತ್ಯೇಕ ಹೆಸರನ್ನೇ ಕೊಡುವಷ್ಟು ಸಾಮಾನ್ಯವಾಗಿರುವ ಈ ತೊಂದರೆಗೆ ಎಂಟು ತಿಂಗಳ ಚಿಕಿತ್ಸೆ ಬೇಕಾಯಿತು. ತಪ್ಪು ಸೋದರತ್ತೆಯದೆಂದು ತಾಯಿ ಬಹಳ ಕಾಲ ಸಾಧಿಸಿ, ಅವರೊಡನೆ ಮಾತು ಬಿಟ್ಟಳು. ಅಂಗಡಿಯಾತನ ತಪ್ಪನ್ನು ಅವಳು ಇಂದಿಗೂ ಕ್ಷಮಿಸಿಲ್ಲ. ಆದರೆ ಪ್ರತಿ ರಾತ್ರಿ ಹಚ್ಚಿದ ಕೈ ಅತ್ತೆಯದೂ ಅಲ್ಲ, ಅಂಗಡಿಯಾತನದೂ ಅಲ್ಲ.

ಆಂತರಿಕ ಸೌಂದರ್ಯವೆಂಬ ಪದದ ಅರ್ಥ ಆ ಮನೆಗೆ ತಿಳಿದದ್ದು ಈ ಎಂಟು ತಿಂಗಳಲ್ಲಿ. ಹೊರಗಿನ ಚೆಲುವು ಸಾಲದವರಿಗೆ ಸಮಾಧಾನಕ್ಕಾಗಿ ಹೇಳುವ ಮಾತಾಗಿ ಬಳಸಿದಾಗ ಆ ಪದವೂ ‘ಕಪ್ಪಗಿದ್ದರೂ’ ಎಂಬುದರ ಇನ್ನೊಂದು ರೂಪವೇ ಆಗುತ್ತದೆ, ಮತ್ತು ಹದಿಹರೆಯದವರು ಅದನ್ನು ಕೂಡಲೇ ಗುರುತಿಸುತ್ತಾರೆ. ಚಿಕಿತ್ಸೆಯ ನಡುವೆ ಒಂದು ದಿನ ಹುಡುಗಿ, ತಾಯಿಗೆ ಹೇಳದೆಯೇ ಸೋದರತ್ತೆಯ ಮನೆಗೆ ಹೋಗಿ, ಅವರ ಕೆನ್ನೆಯ ಮೇಲೂ ಅದೇ ಕೆಂಪು ರಕ್ತನಾಳಗಳಿರುವುದನ್ನು ತೋರಿಸಿ, ತನ್ನ ವೈದ್ಯರ ಬಳಿಗೇ ಅವರನ್ನು ಕರೆದೊಯ್ದಳು. ತನಗೆ ನೋವು ತಂದವರ ಮುಖದಲ್ಲಿ ಅವಳಿಗೆ ಕಂಡದ್ದು ಅವರ ನೋವು. ಆಂತರಿಕ ಸೌಂದರ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಲೇಖಕಿಗೆ ಸಿಕ್ಕಿಲ್ಲ.

ಇತರ ಹೆತ್ತವರಿಗೆ ಹೇಳಬೇಕಾದದ್ದು ಸ್ವಲ್ಪವೇ. ಮುಖಕ್ಕೆ ಹಚ್ಚುವ ಯಾವುದೇ ಟ್ಯೂಬಿನ ಮೇಲೆ ವೈದ್ಯರ ಚೀಟಿ ಬೇಕೆಂದು ಸೂಚಿಸುವ ಆರ್‌ಎಕ್ಸ್ ಗುರುತು ಇದೆಯೇ, ‘ಸೋನ್’ ಎಂದು ಕೊನೆಗೊಳ್ಳುವ ಅಥವಾ ‘ಕ್ಲೋಬೆಟಾಸಾಲ್’ ಎಂಬಂಥ ಸ್ಟೆರಾಯ್ಡಿನ ಹೆಸರು ಇದೆಯೇ ಎಂದು ನೋಡಬೇಕು. ಈಗಾಗಲೇ ತಿಂಗಳುಗಟ್ಟಲೆ ಬಳಸುತ್ತಿದ್ದರೆ ಅಂಗಡಿಯವರನ್ನಾಗಲಿ ಬಂಧುಗಳನ್ನಾಗಲಿ ಕೇಳದೆ, ಟ್ಯೂಬಿನ ಸಮೇತ ಚರ್ಮವೈದ್ಯರ ಬಳಿಗೆ ಹೋಗಬೇಕು. ಉಳಿದದ್ದು ಮಾತಿನ ವಿಷಯ. ಮಕ್ಕಳ ಮುಂದೆ ಬಣ್ಣದ ಮಾತು ಬಂದಾಗ ‘ಇದ್ದರೂ’ ಎಂಬುದನ್ನು ನಾಲಿಗೆಯ ತುದಿಯಲ್ಲೇ ತಡೆದು, ‘ಕಪ್ಪಗಿದ್ದಾಳೆ, ಲಕ್ಷಣವಾಗಿದ್ದಾಳೆ’ ಎಂದು ಎರಡನ್ನೂ ಸರಿಸಮವಾಗಿ ಹೇಳುವುದನ್ನು ಹಿರಿಯರು ಕಲಿಯಬೇಕು.